ಇಲಿಯ ಕರುಳಿನಲ್ಲಿ ಹುಳ ಸಿಕ್ಕಿದೆ, ನನ್ನ ಪ್ರಯೋಗ ಹಾಳಾಯಿತೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದು ಗಿಡದ ಎಲೆಯ ಸಾರ ಅಸ್ತಮಾಕ್ಕೆ ಕೆಲಸ ಮಾಡುತ್ತದೆಯೇ ಎಂದು ಬಾಲ್ಬ್-ಸಿ ತಳಿಯ ಬಿಳಿ ಇಲಿಗಳಲ್ಲಿ ನೋಡುತ್ತಿದ್ದೇನೆ. ಮೊಟ್ಟೆಯ ಪ್ರೋಟೀನಾದ ಓವಾಲ್ಬ್ಯುಮಿನ್ ಕೊಟ್ಟು ಅಲರ್ಜಿ ಬರಿಸಿ, ಆಮೇಲೆ ರಕ್ತದಲ್ಲಿ ಐಜಿಇ (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ಅಳೆಯುತ್ತೇನೆ, ಶ್ವಾಸಕೋಶದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಎಣಿಸುತ್ತೇನೆ. ಮೊದಲ ಬ್ಯಾಚಿನ ಇಲಿಗಳನ್ನು ಕೊಯ್ದಾಗ ಕೆಲವದರ ದೊಡ್ಡ ಕರುಳಿನ ಶುರುವಿನಲ್ಲೇ ಬಿಳಿ ದಾರದ ತುಂಡಿನಂಥ ಸಣ್ಣ ಹುಳಗಳು ಕಂಡವು. ಅಲರ್ಜಿ ಬರಿಸದೇ ಬಿಟ್ಟ ಇಲಿಗಳಲ್ಲೂ ಕೆಲವಕ್ಕೆ ಐಜಿಇ ಜಾಸ್ತಿ ಬಂದಿದೆ. "ಎಲ್ಲರ ಇಲಿಯಲ್ಲೂ ಹುಳ ಇರುತ್ತವೆ, ಎರಡೂ ಗುಂಪಿನಲ್ಲಿ ಇದ್ದರೆ ಲೆಕ್ಕ ಸರಿಹೋಗುತ್ತದೆ" ಎಂದು ಸೀನಿಯರ್ ಹೇಳುತ್ತಾರೆ. ದನಕ್ಕೆ ಕೊಡುವ ಹುಳದ ಔಷಧ ಐವರ್‌ಮೆಕ್ಟಿನ್ ಸ್ವಲ್ಪ ಚುಚ್ಚಿ ಮುಂದುವರಿಸು ಎಂದು ಇನ್ನೊಬ್ಬರ ಸಲಹೆ. ಗೈಡ್‌ಗೆ ಇನ್ನೂ ಹೇಳಿಲ್ಲ. ಎಥಿಕ್ಸ್ ಕಮಿಟಿಗೆ ಗೊತ್ತಾದರೆ ಕೆಲಸ ನಿಂತುಹೋಗುತ್ತದೆಯೇ? ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಮನೆಯಲ್ಲಿ ಅಣ್ಣನ ಎರಡು ವರ್ಷದ ಮಗು ಇದೆ. ಅದಕ್ಕೂ ಹುಳ ಅಂಟುತ್ತದೆ ಎಂದು ಅವ್ವ ಹೆದರಿದ್ದಾಳೆ.

ಉತ್ತರ: ಮಗುವಿನ ವಿಷಯ ಮೊದಲು ಮುಗಿಸಿಬಿಡೋಣ, ಅವ್ವ ನೆಮ್ಮದಿಯಿಂದ ನಿದ್ದೆ ಮಾಡಲಿ.

ನೀವು ಹೇಳಿದ ಜಾಗ, ಬಣ್ಣ, ಗಾತ್ರ ನೋಡಿದರೆ ಅದು ಇಲಿಗಳ ಪಿನ್‌ವರ್ಮ್. ಪ್ರಯೋಗಾಲಯದ ಬಿಳಿ ಇಲಿಗಳಲ್ಲಿ ಅದರ ಎರಡು ಜಾತಿ ಸಾಮಾನ್ಯ. ಒಂದು ಸೈಫೇಶಿಯಾ ಆಬ್ವೆಲಾಟಾ, ಇನ್ನೊಂದು ಆಸ್ಪಿಕ್ಯುಲುರಿಸ್ ಟೆಟ್ರಾಪ್ಟೆರಾ. ಮಕ್ಕಳಿಗೆ ರಾತ್ರಿ ಹೊತ್ತು ಕುಂಡಿ ತುರಿಕೆ ತರುವ ಹುಳ ಎಂಟರೋಬಿಯಸ್ ಎಂಬ ಬೇರೆ ಜಾತಿ. ಅದು ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ, ಇಲಿಯಿಂದ ಅಲ್ಲ. ಇಲಿಯ ಪಿನ್‌ವರ್ಮ್ ಮನುಷ್ಯರಲ್ಲಿ ಕಾಣುವುದು ತೀರಾ ಅಪರೂಪ. ಹಾಗಾಗಿ ಮಗುವಿಗೆ ತುರಿಕೆ ಬಂದರೂ ಅದನ್ನು ನಿಮ್ಮ ಲ್ಯಾಬ್ ತಲೆಗೆ ಕಟ್ಟಬೇಡಿ. ಅಂಗನವಾಡಿ, ಪಕ್ಕದ ಮನೆಯ ಮಕ್ಕಳು, ಉಗುರಿನ ಸಂದಿ, ಇವೇ ಅದರ ದಾರಿ.

ಆದರೆ ಒಂದು ವಿಷಯ ನೋಡಿಕೊಳ್ಳಿ. ಸಣ್ಣ ಕರುಳಿನಲ್ಲಿ ಚಪ್ಪಟೆಯಾದ, ತುಂಡು ತುಂಡು ಜೋಡಿಸಿದ ಹಾಗಿರುವ ಹುಳವೇನಾದರೂ ಕಂಡಿತ್ತೇ? ಅದು ಲಾಡಿಹುಳ. ಅದರಲ್ಲಿ ಹೈಮೆನೊಲೆಪಿಸ್ ನಾನಾ ಎಂಬ ಗಿಡ್ಡ ಜಾತಿ ಇದೆ. ಅದರ ಮೊಟ್ಟೆ ಇಲಿಯ ಹಿಕ್ಕೆಯಿಂದ ನೇರವಾಗಿ ಮನುಷ್ಯರ ಬಾಯಿಗೆ ಹೋಗಿ ಬೆಳೆಯಬಲ್ಲದು. ಅದು ಕಂಡಿದ್ದರೆ ಇವತ್ತೇ ಗೈಡ್‌ಗೆ ಹೇಳಿ, ನೀವೂ ಮಲಪರೀಕ್ಷೆ ಮಾಡಿಸಿಕೊಳ್ಳಿ. ಕಾಣದಿದ್ದರೆ ಗ್ಲೌಸ್, ಸೋಪು, ಅನಿಮಲ್ ಹೌಸಿನಲ್ಲೇ (ಪ್ರಯೋಗದ ಪ್ರಾಣಿಗಳನ್ನು ಸಾಕುವ ಜಾಗ) ಉಳಿಯುವ ಏಪ್ರನ್ ಮತ್ತು ಚಪ್ಪಲಿ, ಇಷ್ಟು ಸಾಕು. ಏಪ್ರನ್ ತೊಳೆಯಲು ಊರಿಗೆ ಒಯ್ಯುವ ಅಭ್ಯಾಸವಿದ್ದರೆ ಬಿಡಿ.

ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿ ನನಗೆ ಹುಳಕ್ಕಿಂತ ಜಾಸ್ತಿ ಚಿಂತೆ ಇರುವುದು ಸೀನಿನದ್ದು. ಇಲಿಯ ಮೂತ್ರದಲ್ಲಿರುವ ಪ್ರೋಟೀನು ಧೂಳಿನ ಜೊತೆ ಮೂಗಿಗೆ ಹೋಗಿ, ಅನಿಮಲ್ ಹೌಸಿನಲ್ಲಿ ಕೆಲಸ ಮಾಡುವವರಿಗೆ ಅಲರ್ಜಿ, ಕೆಲವರಿಗೆ ಅಸ್ತಮಾವನ್ನೇ ತರುತ್ತದೆ. ಅಸ್ತಮಾದ ಮೇಲೆ ಪಿಎಚ್‌ಡಿ ಮಾಡುವವರು ಮಾಸ್ಕ್ ಇಲ್ಲದೆ ಪಂಜರದ ಹಾಸಿಗೆಯ ಹೊಟ್ಟು ಬದಲಿಸುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಅವರ ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ. ಪಶುವೈದ್ಯನಾಗಿ ನಾನು ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಹಲವು ಅನಿಮಲ್ ಹೌಸ್‌ಗಳನ್ನು ನೋಡಿದ್ದೇನೆ. ಪಿನ್‌ವರ್ಮ್ ಅಲ್ಲಿ ಹೊಸ ಅತಿಥಿಯೇನಲ್ಲ. ದುಡ್ಡು ಸುರಿದು ಕಟ್ಟಿದ ವಿದೇಶಿ ಲ್ಯಾಬ್‌ಗಳಲ್ಲೂ ಬರುತ್ತದೆ. ಆದ್ದರಿಂದ ಹುಳ ಸಿಕ್ಕಿದ್ದು ನಾಚಿಕೆಯ ವಿಷಯ ಅಲ್ಲ. ಮಾತಿನ ಎರಡನೇ ಅರ್ಧ ಮಾತ್ರ ಪೂರ್ತಿ ತಪ್ಪು. ಅದು ಯಾಕೆ ತಪ್ಪು ಎಂದು ತಿಳಿಯಲು ದೇಹ ಹುಳದ ಜೊತೆ ಹೇಗೆ ಜಗಳ ಆಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗುತ್ತದೆ. ಹುಳವನ್ನು ನುಂಗಲು ಆಗುವುದಿಲ್ಲ. ಅದು ಕಣಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಹಾಗಾಗಿ ದೇಹ ಕೊಲ್ಲುವುದಕ್ಕಿಂತ ಹೊರಗೆ ದಬ್ಬುವ ದಾರಿ ಹಿಡಿಯುತ್ತದೆ. ಕರುಳಿನ ಒಳಪದರದಲ್ಲಿ ಟಫ್ಟ್ ಕೋಶಗಳು ಎಂಬ ಕಾವಲುಗಾರರಿದ್ದಾರೆ. ಹುಳದ ಸುಳಿವು ಸಿಕ್ಕರೆ ಅವು ಐಎಲ್-25 ಎಂಬ ಸಂದೇಶ ಬಿಡುತ್ತವೆ. ಅದರಿಂದ ಎಚ್ಚೆತ್ತ ರಕ್ಷಣಾ ಕೋಶಗಳು ಐಎಲ್-4, ಐಎಲ್-5, ಐಎಲ್-13 ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಐಎಲ್-13 ಬಂದರೆ ಕರುಳು ಲೋಳೆ ಜಾಸ್ತಿ ಸುರಿಸುತ್ತದೆ, ಜೋರಾಗಿ ಹಿಂಡುತ್ತದೆ, ಹುಳ ಜಾರಿಹೋಗುತ್ತದೆ. ಐಎಲ್-5 ಇಯೊಸಿನೊಫಿಲ್‌ಗಳನ್ನು ಹೆಚ್ಚಿಸುತ್ತದೆ. ಐಎಲ್-4 ಐಜಿಇ ತಯಾರಿಸಲು ಹೇಳುತ್ತದೆ.

ಈಗ ನಿಮ್ಮ ಅಸ್ತಮಾ ಮಾದರಿಯಲ್ಲಿ ಅಳೆಯುವುದು ಏನೇನು? ಐಜಿಇ, ಇಯೊಸಿನೊಫಿಲ್, ಬಹುಶಃ ಮುಂದೆ ಐಎಲ್-4 ಮತ್ತು ಐಎಲ್-13. ಅಂದರೆ ಹುಳದ ವಿರುದ್ಧ ದೇಹ ಬಳಸುವ ದಾರಿ ಮತ್ತು ಅಲರ್ಜಿ ಹಿಡಿಯುವ ದಾರಿ ಎರಡೂ ಒಂದೇ. 1986ರಲ್ಲಿ ಮಾಸ್ಮನ್ ಮತ್ತು ಕಾಫ್‌ಮನ್ ಎಂಬ ವಿಜ್ಞಾನಿಗಳು ಇಲಿಯ ಟಿ-ಸಹಾಯಕ ಕೋಶಗಳಲ್ಲಿ (ಬೇರೆ ರಕ್ಷಣಾ ಕೋಶಗಳಿಗೆ ದಾರಿ ತೋರುವ ಬಿಳಿ ರಕ್ತಕಣಗಳು) ಟಿಎಚ್1, ಟಿಎಚ್2 ಎಂಬ ಎರಡು ಬಗೆ ಇವೆ ಎಂದು ತೋರಿಸಿದರು. ಹುಳ ಮತ್ತು ಅಲರ್ಜಿ ಎರಡೂ ಟಿಎಚ್2 ಕಡೆಯವು. ನೀವು ಆರಿಸಿದ ಬಾಲ್ಬ್-ಸಿ ತಳಿ ಹುಟ್ಟಿನಿಂದಲೇ ಆ ಕಡೆ ವಾಲುತ್ತದೆ. ಲೀಶ್ಮೇನಿಯಾ ಮೇಜರ್ ಎಂಬ ಪರೋಪಜೀವಿಯನ್ನು ಚರ್ಮಕ್ಕೆ ಚುಚ್ಚಿದರೆ ಸಿ57 ಕಪ್ಪು ಇಲಿ ಟಿಎಚ್1 ಬಳಸಿ ಗಾಯ ವಾಸಿಮಾಡಿಕೊಳ್ಳುತ್ತದೆ. ಬಾಲ್ಬ್-ಸಿ ಐಎಲ್-4 ಸುರಿಸಿ ಸೋಲುತ್ತದೆ. ಅಲರ್ಜಿ ಬೇಗ ಬರುತ್ತದೆ ಎಂದೇ ನಾವು ಈ ತಳಿಯನ್ನು ಅಸ್ತಮಾ ಕೆಲಸಕ್ಕೆ ಇಷ್ಟಪಡುವುದು. ಅದೇ ಕಾರಣಕ್ಕೆ ಹುಳದ ಗದ್ದಲ ಇದರಲ್ಲಿ ಜೋರಾಗಿ ಕೇಳಿಸುತ್ತದೆ.

ಇದು ಬರೀ ತರ್ಕವೂ ಅಲ್ಲ. 2006ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸಂಶೋಧಕರು ಇದೇ ಸೈಫೇಶಿಯಾ ಹುಳ ಇಲಿಗಳಲ್ಲಿ ಟಿಎಚ್2 ಪ್ರತಿಕ್ರಿಯೆ ಎಬ್ಬಿಸುತ್ತದೆ, ಓವಾಲ್ಬ್ಯುಮಿನ್ ಅಲರ್ಜಿಯ ಫಲಿತಾಂಶವನ್ನೂ ಬದಲಿಸುತ್ತದೆ ಎಂದು ಪ್ರಕಟಿಸಿದರು. ನಿಮ್ಮ ಮಾದರಿಯೇ ಅದು. ಅದಕ್ಕೂ ಹಿಂದೆ, 1975ರಲ್ಲೇ, ಪಿನ್‌ವರ್ಮ್ ಇದ್ದ ರ‍್ಯಾಟ್‌ಗಳಲ್ಲಿ ಸಂಧಿವಾತದ ಪ್ರಯೋಗ ಸರಿಯಾಗಿ ಬರುವುದಿಲ್ಲ ಎಂಬ ವರದಿ ಬಂದಿತ್ತು. ಇನ್ನೂ ಒಂದು ಕಥೆ ಇದೆ. 2016ರಲ್ಲಿ ಟಫ್ಟ್ ಕೋಶಗಳ ಮಹತ್ವ ಬೆಳಕಿಗೆ ಬಂದದ್ದರಲ್ಲಿ ಟ್ರೈಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯದ್ದೂ ಪಾತ್ರವಿತ್ತು. ಏನೂ ಮಾಡದ ಬಡಪಾಯಿ ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದ ಜೀವಿ ಅದು. ಅದು ಇದ್ದ ಇಲಿಗಳ ಕರುಳಿನಲ್ಲಿ ಟಫ್ಟ್ ಕೋಶಗಳು ಎಷ್ಟೋ ಪಟ್ಟು ಜಾಸ್ತಿ ಇದ್ದವು. ಇಲಿ ನೋಡಲು ಆರೋಗ್ಯವಾಗಿದೆ, ತೂಕ ಸರಿಯಿದೆ ಎಂದರೆ ಅದರ ರೋಗನಿರೋಧಕ ವ್ಯವಸ್ಥೆ ಸುಮ್ನೆ ಕೂತಿದೆ ಎಂದು ಅರ್ಥವಲ್ಲ.

ಹಾಗಾದರೆ ಹುಳ ಅಲರ್ಜಿಯನ್ನು ಹೆಚ್ಚಿಸುತ್ತದೆಯೋ ಕಡಿಮೆ ಮಾಡುತ್ತದೆಯೋ? ಇಲ್ಲೇ ತೊಡಕು. ಎರಡೂ ಆಗುತ್ತದೆ. ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್ ಎಂಬ ಇಲಿಯ ಹುಳ ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಲ್ಲದು. ಉಳಿಯಬೇಕೆಂದರೆ ಆತಿಥೇಯನ ಸಿಟ್ಟನ್ನು ತಣಿಸಬೇಕು. ಅದು ರೋಗನಿರೋಧಕ ಪ್ರತಿಕ್ರಿಯೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ-ಕೋಶಗಳನ್ನು ಹೆಚ್ಚಿಸಿ ಶ್ವಾಸಕೋಶದ ಅಲರ್ಜಿಯನ್ನೇ ತಗ್ಗಿಸುತ್ತದೆ ಎಂದು ಎಡಿನ್‌ಬರಾದ ತಂಡ 2005ರಲ್ಲಿ ತೋರಿಸಿತು. ಟ್ರೈಚುರಿಸ್ ಮ್ಯೂರಿಸ್ ಎಂಬ ಚಾಟಿಹುಳದ್ದು ಇನ್ನೂ ಸ್ವಾರಸ್ಯ. ಒಂದೇ ತಳಿಯ ಇಲಿಗೆ ಒಮ್ಮೆಲೇ ನೂರಾರು ಮೊಟ್ಟೆ ಕೊಟ್ಟರೆ ಟಿಎಚ್2 ಎದ್ದು ಹುಳವನ್ನು ಹೊರಹಾಕುತ್ತದೆ. ಕೆಲವೇ ಮೊಟ್ಟೆ ಕೊಟ್ಟರೆ ಟಿಎಚ್1 ಕಡೆ ಹೋಗಿ ಹುಳ ಅಲ್ಲೇ ಬೀಡುಬಿಡುತ್ತದೆ. ಹುಳದ ಸಂಖ್ಯೆ ಬದಲಾದರೆ ಪ್ರತಿಕ್ರಿಯೆಯ ಜೋರು ಮಾತ್ರ ಅಲ್ಲ, ದಿಕ್ಕೇ ಬದಲಾಗುತ್ತದೆ.

ಈಗ ಸೀನಿಯರ್ ಲೆಕ್ಕವನ್ನು ನೋಡಿ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲು ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ, ಒಪ್ಪಿದೆ. ಇಲ್ಲಿ ಕಲ್ಲುಗಳ ತೂಕ ಒಂದೇ ಇಲ್ಲ. ಎಳೆಯ ಇಲಿಗಳಲ್ಲಿ ಪಿನ್‌ವರ್ಮ್ ಜಾಸ್ತಿ, ವಯಸ್ಸಾದಂತೆ ಕಡಿಮೆ. ಹೆಣ್ಣಿಗಿಂತ ಗಂಡಿನಲ್ಲಿ ಜಾಸ್ತಿ. ಒಂದೇ ಪಂಜರದವು ಒಂದರ ಹುಳವನ್ನು ಇನ್ನೊಂದಕ್ಕೆ ಹಂಚುತ್ತವೆ. ನೀವು ಒಂದು ಪಂಜರಕ್ಕೆ ಒಂದು ಗುಂಪು ಎಂದು ಇಟ್ಟಿದ್ದರೆ (ಬಹಳ ಕಡೆ ಹಾಗೇ ಇಡುತ್ತಾರೆ) ಗುಂಪಿನ ವ್ಯತ್ಯಾಸ ಮತ್ತು ಪಂಜರದ ವ್ಯತ್ಯಾಸ ಬೆರೆತುಹೋಗಿವೆ. ಅವನ್ನು ಈಗ ಬೇರೆ ಮಾಡಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ನಿಮ್ಮ ಗಿಡ ಯಾವುದೆಂದು ನೀವು ಬರೆದಿಲ್ಲ. ನಮ್ಮ ಕಡೆಯ ಎಷ್ಟೋ ಔಷಧಿ ಗಿಡಗಳಿಗೆ ಹೊಟ್ಟೆಹುಳದ ಮದ್ದು ಎಂಬ ಹೆಸರಿದೆ. ಮುತ್ತುಗದ ಬೀಜವನ್ನು ಆಯುರ್ವೇದ ಕ್ರಿಮಿಗೆ ಎಂದೇ ಹೇಳುತ್ತದೆ. ಬೇವು, ಪಪ್ಪಾಯಿ ಬೀಜ ಮನೆಮದ್ದಿನಲ್ಲೇ ಇವೆ. ನಿಮ್ಮ ಸಾರ ಇಲಿಯ ಹುಳವನ್ನೇ ಉದುರಿಸಿದ್ದರೆ? ಹುಳ ಹೋದದ್ದಕ್ಕೆ ಐಜಿಇ ಇಳಿದಿರುತ್ತದೆ, ನೀವು ಅಸ್ತಮಾ ವಾಸಿಯಾಯಿತು ಎಂದು ಬರೆದಿರುತ್ತೀರಿ. ಸಾರ ಕೊಟ್ಟ ಗುಂಪಿನಲ್ಲಿ ಹುಳ ಎಷ್ಟು, ಕೊಡದ ಗುಂಪಿನಲ್ಲಿ ಎಷ್ಟು ಎಂದು ಎಣಿಸಿದ್ದೀರಾ? ಕರುಳನ್ನು ಫಾರ್ಮಲಿನ್‌ನಲ್ಲಿ ಎತ್ತಿಟ್ಟಿದ್ದರೆ ಈಗಲೂ ಎಣಿಸಬಹುದು. ನಾನಾಗಿದ್ದರೆ ನಾಳೆ ಬೆಳಿಗ್ಗೆ ಮೊದಲು ಮಾಡುವ ಕೆಲಸ ಅದೇ.

ಐಜಿಇ ಬಗ್ಗೆ ಒಂದು ಮಾತು ಸೇರಿಸಬೇಕು. ನೀವು ಅಳೆದದ್ದು ಒಟ್ಟು ಐಜಿಇಯೋ, ಓವಾಲ್ಬ್ಯುಮಿನ್‌ಗೆ ಮಾತ್ರ ಅಂಟುವ ಐಜಿಇಯೋ? ಒಟ್ಟು ಐಜಿಇ ಆಗಿದ್ದರೆ ಪರೋಪಜೀವಿಗಳ ಕೈವಾಡ ಅದರಲ್ಲಿ ನೇರವಾಗಿ ಕಾಣುತ್ತದೆ. ಓವಾಲ್ಬ್ಯುಮಿನ್‌ದ್ದೇ ಆಗಿದ್ದರೆ, ಅಲರ್ಜಿ ಬರಿಸದ ಇಲಿಯಲ್ಲಿ ಅದು ಇರಲೇಬಾರದು. ಇದ್ದರೆ ಕಿಟ್ ಅಥವಾ ಗುಂಪಿನ ಗುರುತು ಅದಲುಬದಲಾಗಿದೆಯೇ ನೋಡಿ. ಇನ್ನೊಂದು ಅನುಮಾನವೂ ನನಗಿದೆ. ಪಿನ್‌ವರ್ಮ್ ಕರುಳಿನ ಗೋಡೆಯೊಳಗೆ ನುಗ್ಗುವ ಹುಳ ಅಲ್ಲ, ಒಳಗಿನ ಪೊಳ್ಳಿನಲ್ಲೇ ಬದುಕುತ್ತದೆ. ಅದೊಂದೇ ಐಜಿಇಯನ್ನು ಅಷ್ಟು ಏರಿಸಿತು ಎಂದರೆ ನಾನು ಒಮ್ಮೆಲೇ ಒಪ್ಪುವುದಿಲ್ಲ. ಮೈಯೋಬಿಯಾ, ಮೈಯೋಕಾಪ್ಟಿಸ್ ಎಂಬ ಕೂದಲಿನ ನುಸಿಗಳು ಇಲಿಗಳ ಐಜಿಇಯನ್ನು ಚೆನ್ನಾಗಿಯೇ ಏರಿಸುತ್ತವೆ. ಹುಳ ಬಂದ ದಾರಿಯಲ್ಲೇ ನುಸಿಯೂ ಬಂದಿರಬಹುದು. ಕೊಂದ ಇಲಿಯನ್ನು ಕಪ್ಪು ಕಾಗದದ ಮೇಲೆ ಸ್ವಲ್ಪ ಹೊತ್ತು ಬಿಡಿ. ಮೈ ತಣ್ಣಗಾದಂತೆ ನುಸಿಗಳು ಕೂದಲ ತುದಿಗೆ ಬರುತ್ತವೆ. ಅಲ್ಲಿ ಸೆಲೋಟೇಪ್ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉತ್ತರ ಸಿಗುತ್ತದೆ.

ಹುಳದ ಜಾತಿ ಗುರುತಿಸುವುದೂ ಕಷ್ಟವಲ್ಲ, ಆದರೆ ಎಲ್ಲರೂ ಎಡವುವ ಜಾಗ ಒಂದಿದೆ. ಸೈಫೇಶಿಯಾ ಹೆಣ್ಣು ಗುದದ ಸುತ್ತ ಮೊಟ್ಟೆ ಅಂಟಿಸುತ್ತದೆ. ಅದಕ್ಕೆ ಸೆಲೋಟೇಪ್ ಪರೀಕ್ಷೆ ಸರಿ. ಮೊಟ್ಟೆಯ ಒಂದು ಬದಿ ಚಪ್ಪಟೆ ಇರುತ್ತದೆ. ಆಸ್ಪಿಕ್ಯುಲುರಿಸ್ ಹಾಗೆ ಮಾಡುವುದಿಲ್ಲ. ಅದರ ಮೊಟ್ಟೆ ಹಿಕ್ಕೆಯಲ್ಲಿ ಬರುತ್ತದೆ, ಎರಡೂ ಬದಿ ಸಮ ಇರುತ್ತದೆ. ಅದಕ್ಕೆ ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕಲಸಿ ತೇಲಿಸಿ ನೋಡಬೇಕು. ಬರೀ ಟೇಪ್ ಒತ್ತಿ "ಹುಳ ಇಲ್ಲ" ಎಂದು ಸರ್ಟಿಫಿಕೇಟ್ ಕೊಟ್ಟ ಇಲಿಗಳ ಕರುಳಿನ ತುಂಬ ಆಸ್ಪಿಕ್ಯುಲುರಿಸ್ ಇದ್ದದ್ದನ್ನು ನಾನೇ ನೋಡಿದ್ದೇನೆ. ಎಲ್ಲಕ್ಕಿಂತ ನಂಬಿಕೆಯದ್ದು ಕರುಳು ಸೀಳಿ ನೋಡುವುದು.

ಎಲ್ಲಿಂದ ಬಂತು? ಹೊಸದಾಗಿ ತಂದ ಇಲಿಗಳನ್ನು ಬೇರೆ ಇಡದೆ ನೇರ ಒಳಗೆ ಬಿಡುವುದು ಮೊದಲ ಕಾರಣ. ಎರಡನೆಯದು ಹೊಟ್ಟು. ನಮ್ಮ ಕಡೆ ಹಾಸಿಗೆಗೆ ಭತ್ತದ ಹೊಟ್ಟು ಅಥವಾ ಮೆಕ್ಕೆಜೋಳದ ದಿಂಡಿನ ಪುಡಿ ಹಾಕುತ್ತಾರೆ. ಹಾನಗಲ್ ಕಡೆಯ ಅಕ್ಕಿ ಗಿರಣಿಯಿಂದ ಬಂದ ಚೀಲ ಗೋಡೌನಿನಲ್ಲಿ ಮಳೆಗಾಲವಿಡೀ ಬಿದ್ದಿರುತ್ತದೆ. ಮಳೆಗೆ ಹೆದರಿದ ಸುಂಡಿಲಿಗಳಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಬೇರೆ ಬೇಕೇ? ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಕಾಣದ ಹೊಟ್ಟು ಒಳಗೆ ಹೋಗಲೇಬಾರದು. ಪಿನ್‌ವರ್ಮ್ ಮೊಟ್ಟೆ ಸ್ಪಿರಿಟ್‌ಗೆ, ಫಿನೈಲ್‌ಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ, ಬಿಸಿಗೆ ಸಾಯುತ್ತದೆ. ಹಗುರ ಬೇರೆ, ಧೂಳಿನ ಜೊತೆ ಹಾರಿ ಪಕ್ಕದ ಪಂಜರ ಸೇರುತ್ತದೆ. ಬೇಸಿಗೆಯಲ್ಲಿ ನೀರಿನ ತಾಪತ್ರಯಕ್ಕೆ ಪಂಜರ ತೊಳೆಯುವುದನ್ನು ಮುಂದೂಡಿದರೆ ಕೇಳುವುದೇ ಬೇಡ. ಆಸ್ಪಿಕ್ಯುಲುರಿಸ್ ಮೊಟ್ಟೆ ಸೋಂಕು ತರುವಷ್ಟು ಬಲಿಯಲು ಆರೇಳು ದಿನ ಬೇಕು. ಅಷ್ಟರೊಳಗೆ ಹೊಟ್ಟು ಬದಲಿಸಿದರೆ ಸರಪಳಿ ಸ್ವಲ್ಪ ಕಡಿಯುತ್ತದೆ. ಸೈಫೇಶಿಯಾ ಮೊಟ್ಟೆಗೆ ಕೆಲವು ಗಂಟೆಗಳೇ ಸಾಕು, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಇನ್ನು ದಾರಿಗಳು. ಐವರ್‌ಮೆಕ್ಟಿನ್ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ದನದ ಇಂಜೆಕ್ಷನ್ ಶೇಕಡಾ 1ರದ್ದು, ಅಂದರೆ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಕಿಲೋಗೆ 0.2 ಮಿಲಿಗ್ರಾಂ ಲೆಕ್ಕ ಹಿಡಿದರೆ 25 ಗ್ರಾಂ ಇಲಿಗೆ ಬೇಕಾದದ್ದು 0.005 ಮಿಲಿಗ್ರಾಂ, ಅಂದರೆ ಆ ಔಷಧದ 0.0005 ಮಿಲಿಲೀಟರ್. ಯಾವ ಸಿರಿಂಜಿನಲ್ಲಿ ಅಳೆಯುತ್ತೀರಿ? "ಒಂದೇ ಒಂದು ಹನಿ" ಎಂದು ಹಾಕಿದರೆ ಹತ್ತಾರು ಪಟ್ಟು ಹೋಗಿರುತ್ತದೆ. ಮೆದುಳಿನ ರಕ್ಷಣಾ ತಡೆ ಇನ್ನೂ ಬಲಿಯದ ಮರಿಗಳು, ಆ ತಡೆಯಲ್ಲಿ ಹುಟ್ಟಿನಿಂದಲೇ ದೋಷವಿರುವ ಕೆಲವು ತಳಿಗಳು ನಡುಗುತ್ತಾ ಸಾಯುತ್ತವೆ. ಅದೂ ಅಲ್ಲದೆ ಪ್ರಯೋಗದ ನಡುವೆ ಔಷಧಿ ಕೊಟ್ಟರೆ ಒಂದು ಗೊಂದಲದ ಜಾಗದಲ್ಲಿ ಮೂರಾಗುತ್ತವೆ. ಮೊದಲು ಹುಳ ಇತ್ತು, ಆಮೇಲೆ ಸತ್ತಿತು, ಜೊತೆಗೆ ಔಷಧದ್ದೇ ಪರಿಣಾಮ.

ಪ್ರಯೋಗ ಶುರುವಾಗುವ ಮೊದಲು ಇಡೀ ಕೋಣೆಗೆ ಚಿಕಿತ್ಸೆ ಮಾಡುವುದು ಬೇರೆ ವಿಷಯ. ಅದಕ್ಕೆ ಸಾಮಾನ್ಯವಾಗಿ ಫೆನ್‌ಬೆಂಡಜೋಲ್ ಬಳಸುತ್ತಾರೆ. ಶಾಲೆಯಲ್ಲಿ ಫೆಬ್ರವರಿ 10ಕ್ಕೆ ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಕುಟುಂಬದ್ದೇ ಔಷಧ. ಆಹಾರದಲ್ಲಿ ಹತ್ತು ಲಕ್ಷಕ್ಕೆ 150 ಭಾಗದಷ್ಟು ಬೆರೆಸಿ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಹಲವು ಸುತ್ತು ಕೊಡಬೇಕು. ಸೈಫೇಶಿಯಾ ಜೀವನಚಕ್ರ ಎರಡು ವಾರದೊಳಗೆ ಮುಗಿದರೆ ಆಸ್ಪಿಕ್ಯುಲುರಿಸ್‌ದ್ದು ಮೂರು ವಾರ ದಾಟುತ್ತದೆ, ಹಾಗಾಗಿ ಒಂದೇ ಸುತ್ತಿಗೆ ಕೆಲಸ ಮುಗಿಯುವುದಿಲ್ಲ. ಜೊತೆಗೆ ಪಂಜರ, ಬಾಟಲಿ, ನೆಲ ಎಲ್ಲ ಬಿಸಿನೀರು ಕಾಣಬೇಕು. ಅಪಾಯ ಏನೆಂದರೆ ಹುಳ ಹೋದರೂ ಅದನ್ನು ಕಂಡ ರೋಗನಿರೋಧಕ ನೆನಪು ಹೋಗುವುದಿಲ್ಲ. ನಾನಾದರೆ ಚಿಕಿತ್ಸೆ ಪಡೆದ ಇಲಿಗಳನ್ನು ಅಲರ್ಜಿ ಕೆಲಸಕ್ಕೆ ಬಳಸುವುದಿಲ್ಲ. ಹುಳ ಪೂರ್ತಿ ಹೋಗಿದೆ ಎಂದು ಖಾತ್ರಿಯಾದ ಮೇಲೆ ಅವುಗಳ ಮರಿಗಳನ್ನು ಬಳಸುತ್ತೇನೆ.

ನಿಮ್ಮ ಜಾಗದಲ್ಲಿ ನಾನು ಆರಿಸುವುದು ಹೊಸ ಇಲಿಗಳನ್ನು. ನೋಂದಾಯಿತ ಬ್ರೀಡರ್ ಹತ್ತಿರ ತೆಗೆದುಕೊಳ್ಳುವಾಗ ಆರೋಗ್ಯ ವರದಿ ಕೇಳಿ. ಅದರಲ್ಲಿ ಪಿನ್‌ವರ್ಮ್ ಮತ್ತು ನುಸಿಯ ಹೆಸರು ಇದೆಯೇ, ಯಾವ ವಿಧಾನದಲ್ಲಿ ನೋಡಿದ್ದಾರೆ, ಯಾವಾಗ ನೋಡಿದ್ದಾರೆ ಎಂಬುದನ್ನು ಓದಿ. ಖರ್ಚಾಗುತ್ತದೆ, ಕೆಲವು ತಿಂಗಳು ಹೋಗುತ್ತವೆ. ಬಂದ ಇಲಿಗಳನ್ನು ಹಳೆ ಕೋಣೆಗೇ ಬಿಟ್ಟರೆ ಆ ಖರ್ಚೂ ನೀರಿನಲ್ಲಿ ಹೋಮ.

ಮೊದಲ ಬ್ಯಾಚಿನ ದತ್ತಾಂಶವನ್ನು ಎಸೆಯಬೇಕಿಲ್ಲ. ಪೈಲಟ್ (ಮೊದಲ ಪರೀಕ್ಷಾರ್ಥ ಪ್ರಯೋಗ) ಎಂದು ಇಟ್ಟುಕೊಳ್ಳಿ, ಪ್ರತಿ ಇಲಿಯ ಹುಳದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ. ಆದರೆ ಹುಳ ಸಿಕ್ಕ ಇಲಿಗಳನ್ನಷ್ಟೇ ಮೆಲ್ಲಗೆ ಲೆಕ್ಕದಿಂದ ತೆಗೆದು ಉಳಿದವನ್ನು "ಸ್ವಚ್ಛ" ಎಂದು ಬರೆಯುವ ಆಸೆ ಬರುತ್ತದೆ, ಅಲ್ವಾ? ಬೇಡ. ಕಣ್ಣಿಗೆ ಹುಳ ಕಾಣದ ಇಲಿಗೂ ಸೋಂಕು ತಾಗಿ ಹೋಗಿರಬಹುದು. ಫಲಿತಾಂಶ ನೋಡಿದ ಮೇಲೆ ಯಾವ ಇಲಿ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ದತ್ತಾಂಶ ತಿದ್ದಿದ್ದಕ್ಕೆ ಸಮ. ವೈವಾದಲ್ಲಿ (ಪಿಎಚ್‌ಡಿಯ ಮೌಖಿಕ ಪರೀಕ್ಷೆ) ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ.

ಕಮಿಟಿಯ ಭಯ ಬಹುಪಾಲು ಹಾಸ್ಟೆಲ್ ಸುದ್ದಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1998ರ ನಿಯಮಗಳ ಅಡಿಯಲ್ಲಿ ನಿಮ್ಮ ಸಂಸ್ಥೆಯ ಪ್ರಾಣಿ ಎಥಿಕ್ಸ್ ಕಮಿಟಿ ಇದೆ. ಅದರಲ್ಲಿ ಒಬ್ಬ ಪಶುವೈದ್ಯ ಇರಲೇಬೇಕು. ಹುಳದ ಸುದ್ದಿ ತಂದ ವಿದ್ಯಾರ್ಥಿ ಆತನಿಗೆ ತಲೆನೋವಲ್ಲ, ಅವನ ಕೆಲಸ ಸುಲಭ ಮಾಡಿದವಳು. ಇಡೀ ಕೋಣೆಯ ಇಲಿಗಳಿಗೆ ಸಂಬಂಧಿಸಿದ್ದು ಇದು. ನಿಮ್ಮ ಪಕ್ಕದ ರ‍್ಯಾಕಿನಲ್ಲಿ ಬೇರೆಯವರ ಸಕ್ಕರೆ ಕಾಯಿಲೆ ಪ್ರಯೋಗವೋ ಕ್ಯಾನ್ಸರ್ ಪ್ರಯೋಗವೋ ನಡೆದಿರಬಹುದು, ಅವರಿಗೂ ಗೊತ್ತಾಗಬೇಕು. ಕಮಿಟಿಗೆ ಸಿಟ್ಟು ಬರುವುದು ಒಪ್ಪಿಗೆಯಿಲ್ಲದೆ ಔಷಧಿ ಚುಚ್ಚಿದರೆ, ಮಂಜೂರಾದದ್ದಕ್ಕಿಂತ ಜಾಸ್ತಿ ಇಲಿ ಬಳಸಿದರೆ. ಎರಡನೇ ಬ್ಯಾಚಿಗೆ ಹೆಚ್ಚುವರಿ ಇಲಿ ಬೇಕಲ್ಲ, ಅದಕ್ಕೆ ತಿದ್ದುಪಡಿ ಅರ್ಜಿ ಹಾಕಲೇಬೇಕು. ಕಾರಣದ ಜಾಗದಲ್ಲಿ ಇದನ್ನೇ ಬರೆಯಿರಿ: ಮೊದಲ ಬ್ಯಾಚಿನಲ್ಲಿ ಪಿನ್‌ವರ್ಮ್ ಸೋಂಕು ಕಂಡಿತು, ಅಳೆಯುವ ಅಂಶಗಳ ಮೇಲೆ ಅದು ನೇರ ಪರಿಣಾಮ ಬೀರುತ್ತದೆ. ಇಲಿಗಳ ಸಂಖ್ಯೆ ಹೆಚ್ಚಿಸಲು ಇದಕ್ಕಿಂತ ಗಟ್ಟಿ ಕಾರಣ ಅವರಿಗೆ ಅಪರೂಪಕ್ಕೆ ಸಿಗುತ್ತದೆ.

ಗೈಡ್ ಹತ್ತಿರ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಹುಳದ ಮೈಕ್ರೋಸ್ಕೋಪ್ ಚಿತ್ರ, ಟೇಪ್ ಮತ್ತು ಉಪ್ಪುನೀರಿನ ಪರೀಕ್ಷೆಯ ಫಲಿತಾಂಶ, ಪಂಜರವಾರು ಹುಳದ ಎಣಿಕೆ, ಅದರ ಪಕ್ಕದಲ್ಲಿ ಅದೇ ಇಲಿಯ ಐಜಿಇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಜಾತಿ ಗುರುತಿಸಲು ತೊಡಕಾದರೆ ಮೊಟ್ಟೆಯ ಚಿತ್ರ ನನಗೆ ಕಳಿಸಿ. ಚಿತ್ರದಲ್ಲಿ ಅಳತೆಯ ಗೆರೆ ಇರಲಿ, ಹುಳ ಸಿಕ್ಕಿದ್ದು ಕರುಳಿನ ಯಾವ ಭಾಗದಲ್ಲಿ ಎಂದೂ ಬರೆದಿರಲಿ.